ಯಾರೂ ನೋಡದ ಗೋಡೆ

ಬಾಬಾಬುಡನ್‌ಗಿರಿ ಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪಡುವಣಕ್ಕೆ ಇಳಿದದ್ದು ಭದ್ರೆಯ ಪಾಲು. ಮೂಡಣಕ್ಕೆ ಇಳಿದದ್ದು ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ, ಒಂದು ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತದೆ. ಅಲ್ಲಿಂದಾಚೆಗೆ ಅದು ಬಯಲುಸೀಮೆಯ ನದಿ. ಮಳೆ ಬಂದ ವರ್ಷ ನೀರು, ಬಾರದ ವರ್ಷ ಮರಳು. ತರೀಕೆರೆಯ ಕಡೆ ಅಡಿಕೆ ತೋಟ, ಕಡೂರಿನ ಕಡೆ ತೆಂಗು ಮತ್ತು ರಾಗಿ, ಅಜ್ಜಂಪುರದ ಕಡೆ ಈರುಳ್ಳಿ ಹೊಲ. ಮೂರೂ ಊರುಗಳು ಒಂದಕ್ಕೊಂದು ನೆರೆಮನೆಯಷ್ಟು ಹತ್ತಿರ. ಆದರೂ ನೀರಿನ ಮಾತು ಬಂದಾಗ ಒಬ್ಬೊಬ್ಬರದು ಒಂದೊಂದು ಹಣೆಬರಹ.

ಈ ಎರಡು ನೀರಿನ ನಡುವೆ ನಿಂತ ದಿಣ್ಣೆಯ ಹೊಟ್ಟೆಯೊಳಗೆ, ಅಜ್ಜಂಪುರದ ಬಳಿ, ಈಗ ಸುಮಾರು 7 ಕಿಲೋಮೀಟರ್ ಉದ್ದದ ಒಂದು ಸುರಂಗವಿದೆ. ಭದ್ರಾ ಮೇಲ್ದಂಡೆ ಯೋಜನೆಯದು. ತರೀಕೆರೆ ತಾಲ್ಲೂಕಿನಲ್ಲಿ ಪಂಪುಗಳು ಭದ್ರೆಯ ನೀರನ್ನು ಮೇಲೆತ್ತಿ ಕಾಲುವೆಗೆ ಬಿಡುತ್ತವೆ. ಕಾಲುವೆಯ ನೀರು ಸುರಂಗ ಹೊಕ್ಕು ಆಚೆ ಬದಿಗೆ ಹೊರಬಂದು ಚಿತ್ರದುರ್ಗದ ಸೀಮೆಯತ್ತ ಇಳಿಯುತ್ತದೆ. 2019ರ ಅಕ್ಟೋಬರಿನಲ್ಲಿ ಹಾಗೆ ಬಂದ ಭದ್ರೆಯ ನೀರು ಹಳ್ಳ ಹಿಡಿದು, ವೇದಾವತಿ ಸೇರಿ, ಮಾರಿಕಣಿವೆಯ ವಾಣಿವಿಲಾಸ ಸಾಗರ ಮುಟ್ಟಿತು. ಬೆಟ್ಟದ ನೆತ್ತಿಯಲ್ಲಿ ಬೇರೆಯಾದ ನೀರು ಬೆಟ್ಟದ ಬುಡದಲ್ಲಿ, ನೆಲದಡಿಯ ದಾರಿಯಿಂದ ಕೂಡಿಕೊಂಡಿತು.

ಕಡೂರಿನಿಂದ ಬೀರೂರು, ಅಜ್ಜಂಪುರ, ಹೊಸದುರ್ಗ, ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಕಾರಿನಲ್ಲಿ ಹೊರಟಿದ್ದಾಗ ನನ್ನ ಸೋದರಳಿಯನ ಮಗಳಿಗೆ ಈ ಸುರಂಗದ ಕಥೆ ಹೇಳಿದೆ. ಅವಳಿಗೆ ಹನ್ನೊಂದು ವರ್ಷ. ಕಿಟಕಿಯ ಗಾಜು ಇಳಿಸಿ ನೆಲವನ್ನೇ ನೋಡಿದಳು. "ಎಲ್ಲಿ ತಾತ, ಏನೂ ಕಾಣಲ್ವಲ್ಲ?" ಅಂದಳು. ಹೊಲ, ಈರುಳ್ಳಿ ಮೂಟೆ ಹೇರಿಕೊಂಡ ಟ್ರ್ಯಾಕ್ಟರು, ಹುಬ್ಬಳ್ಳಿ ಕಡೆಯ ರೈಲು ಹಳಿ. ನಿಜ, ಅಲ್ಲಿ ಕಾಣುವಂಥದ್ದೇನೂ ಇಲ್ಲ. ಕಾಣದ ಹಾಗೆ ಇರುವುದೇ ಆ ಕೆಲಸದ ಗುಣ. ಅವಳ ಪ್ರಶ್ನೆ ಮಾತ್ರ ನನ್ನೊಳಗೆ ಕೂತುಬಿಟ್ಟಿತು. ಕಾಣದ ಕಡೆ ದುಡಿಯುವ ಮನುಷ್ಯ ಯಾರನ್ನು ಮೆಚ್ಚಿಸಲು ದುಡಿಯುತ್ತಾನೆ?

ಸುರಂಗ ಕೊರೆಯುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಎದುರಿನ ಬಂಡೆಗೆ ರಂಧ್ರ ಕೊರೆದು ಸಿಡಿಮದ್ದು ತುಂಬುತ್ತಾರೆ. ಸಿಡಿದ ಮೇಲೆ ಹೊಗೆ ಹೊರಹೋಗುವ ತನಕ ಕಾಯಬೇಕು. ಆಮೇಲೆ ಯಾರಾದರೊಬ್ಬ ಹಾರೆ ಹಿಡಿದು ಒಳಗೆ ಹೋಗಿ, ತಲೆಯ ಮೇಲಿನ ಸಡಿಲ ಕಲ್ಲುಗಳನ್ನು ಬಡಿದು ಕೆಡವಬೇಕು. ಬಡಿದ ಸದ್ದಿನಿಂದಲೇ ಕಲ್ಲು ಗಟ್ಟಿಯೋ ಪೊಳ್ಳೋ ಎಂದು ತಿಳಿಯಬೇಕು. ತಪ್ಪಿ ತಿಳಿದರೆ ಅದು ಬೀಳುವುದು ಅವನ ಮೇಲೆಯೇ, ಇಲ್ಲವೇ ಅವನ ಹಿಂದೆ ಬರುವವನ ಮೇಲೆ. ಬಳಿಕ ಒಡೆದ ಕಲ್ಲು ಸಾಗಿಸಿ, ಬೇಕಾದಲ್ಲಿ ಉಕ್ಕಿನ ಕಮಾನು ನಿಲ್ಲಿಸಿ, ಒಳಮೈಗೆ ಕಾಂಕ್ರೀಟ್ ಹೊದಿಸುತ್ತಾರೆ. ಆ ಹೊದಿಕೆ ನುಣುಪಾಗಿರಬೇಕು. ಒರಟಾದರೆ ನೀರು ಗೋಡೆಗೆ ತೀಡಿ ವೇಗ ಕಳೆದುಕೊಳ್ಳುತ್ತದೆ. ಹಾಗೆ ಸಾವಿರಾರು ಮೀಟರು ನಯ ಮಾಡಿದ ಗೋಡೆಯನ್ನು, ನೀರು ಬಿಟ್ಟ ಮರುದಿನದಿಂದ ಯಾರೂ ನೋಡುವುದಿಲ್ಲ. ಉದ್ಘಾಟನೆಯ ದಿನ ಬಾಗಿನ ಬಿಡುವವರು ನೋಡುವುದು ನೀರನ್ನು. ನೀರು ಮುಟ್ಟುವುದು ಗೋಡೆಯನ್ನು.

ಇದೆಲ್ಲ ಹೇಳುತ್ತ ಚಿತ್ರದುರ್ಗ ಮುಟ್ಟಿದೆವು. ಕೋಟೆ ನೋಡಿದ ಮೇಲೆ ಚಂದ್ರವಳ್ಳಿಗೆ ಇಳಿದೆವು. ದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ ಅದು. ಅಲ್ಲಿ ಕೆರೆಯಿದೆ, ಭೈರವೇಶ್ವರ ಗುಡಿಯಿದೆ, ಮತ್ತು ದೊಡ್ಡ ಬಂಡೆಗಳ ಅಡಿಯಲ್ಲಿ ಅಂಕಲಿ ಮಠವೆಂಬ ಗುಹೆಯಿದೆ. ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಗುರುಗಳು ಇಲ್ಲಿ ನೆಲೆಸಿದ್ದರಿಂದ ಆ ಹೆಸರಾಯಿತು ಎನ್ನುತ್ತಾರೆ.

ಮೇಘಾಲಯದಲ್ಲೋ ಆಂಧ್ರದ ಬೆಲುಂನಲ್ಲೋ ಇರುವಂಥ ಗುಹೆ ಇದಲ್ಲ. ಅಲ್ಲಿ ಸುಣ್ಣಕಲ್ಲನ್ನು ನೀರು ಕರಗಿಸಿ ಹಜಾರಗಳನ್ನು ಮಾಡಿದೆ. ನಮ್ಮ ಗ್ರಾನೈಟು ಹಾಗೆ ಕರಗುವ ಕಲ್ಲಲ್ಲ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಈ ಕಲ್ಲು ನೆಲದೊಳಗಿರುವಾಗಲೇ ಬಿರುಕುಗಳ ಗುಂಟ ಸವೆದು ಗುಂಡುಗುಂಡಾಗಿ, ಸುತ್ತಲ ಮಣ್ಣು ಕೊಚ್ಚಿಹೋದ ಮೇಲೆ ಒಂದರ ಮೇಲೊಂದು ಒರಗಿ ನಿಂತಿತು. ಹಾಗೆ ಒರಗಿದ ಬಂಡೆಗಳ ನಡುವೆ ಉಳಿದ ಸಂದುಗಳೇ ಈ ಗುಹೆ. ಆ ಸಂದುಗಳಿಗೆ ಗೋಡೆ ಕಟ್ಟಿ, ಮೆಟ್ಟಿಲಿಳಿಸಿ, ಬಾಗಿಲಿಟ್ಟು, ಗಾರೆ ಮೆತ್ತಿ ಮನೆ ಮಾಡಿದವರು ಮನುಷ್ಯರು. ಸುಮಾರು ಎಂಬತ್ತು ಅಡಿ ಆಳದ ತನಕ ಕೋಣೆಯಿಂದ ಕೋಣೆಗೆ ಇಳಿಯುತ್ತ ಹೋಗಬಹುದು.

ಬಾಯಲ್ಲಿ ಒಂದಿಷ್ಟು ಬೆಳಕಿದೆ. ನಾಲ್ಕು ಮೆಟ್ಟಿಲು ಇಳಿಯುವುದರೊಳಗೆ ಅದು ಹಿಂದೆ ಉಳಿಯುತ್ತದೆ. "ತಲೆ ಬಗ್ಗಿಸ್ರೀ ಸಾರ್, ಮ್ಯಾಲೆ ಕಲ್ಲೈತೆ," ಎಂದು ದಾರಿ ತೋರಿಸುವಾತ ಟಾರ್ಚನ್ನು ನಮ್ಮ ಕಾಲ ಬಳಿ ಹಿಡಿಯುತ್ತಿದ್ದ, ತನ್ನ ಕಾಲ ಬಳಿ ಅಲ್ಲ. ಅವನ ಪಾದಕ್ಕೆ ಪ್ರತಿ ಮೆಟ್ಟಿಲೂ ಗೊತ್ತು. ಇದು ಪೂಜೆಯ ಕೋಣೆ, ಇದು ಮಲಗುವ ಕೋಣೆ, ಇದು ಸ್ನಾನದ ಜಾಗ ಎಂದು ಹೇಳುತ್ತ ಹೋದ. ಒಂದು ಕಡೆ ಗೋಡೆಯ ಮೇಲೆ ಹಳೆಯ ಬಣ್ಣದ ಚಿತ್ತಾರ ಮಾಸಿ ಉಳಿದಿತ್ತು. ಗಾರೆ ಅಲ್ಲಲ್ಲಿ ಉದುರಿದೆ. ಉದುರದ ಕಡೆ ಕೈಯಿಟ್ಟರೆ ತಣ್ಣಗೆ, ನುಣ್ಣಗೆ.

ನಾನು ಬಹಳ ಹೊತ್ತು ನಿಂತದ್ದು ಸ್ನಾನದ ಕೋಣೆಯ ಬಳಿ. ಮಿಂದ ನೀರು ಹೊರಹೋಗಲು ಅಲ್ಲಿ ಮೋರಿ ಮಾಡಿದ್ದಾರೆ. ಅಷ್ಟು ಆಳದಲ್ಲಿ, ಬಂಡೆಯ ಅಡಿಯಲ್ಲಿ, ಹಗಲೂ ದೀಪ ಬೇಕಾಗುವ ಕಡೆ, ತಾನು ಚೆಲ್ಲಿದ ನೀರು ಎಲ್ಲಿಗೆ ಹೋಗಬೇಕು ಎಂದು ಯಾರೋ ಯೋಚಿಸಿದ್ದಾರೆ. ನಿಂತ ನೀರು ಮುಂದಿನವನ ಕಾಲಿಗೆ ಸಿಗಬಾರದು, ಪಕ್ಕದ ಕೋಣೆಯಲ್ಲಿ ಧ್ಯಾನಕ್ಕೆ ಕೂತವನಿಗೆ ತೇವ ತಟ್ಟಬಾರದು ಎಂಬ ಕಾಳಜಿ ಅದು. ಸಂನ್ಯಾಸ ಎಂದರೆ ಲೋಕವನ್ನು ಬಿಡುವುದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೋಕ ಬಿಟ್ಟು ಬಂಡೆಯಡಿ ಸೇರಿದವರು ಮೋರಿಯನ್ನು ಬಿಡಲಿಲ್ಲ. ಪಕ್ಕದವನ ಬಗೆಗಿನ ಎಚ್ಚರ ಬಿಟ್ಟುಬಿಟ್ಟರೆ ಆ ವೈರಾಗ್ಯದಲ್ಲಿ ಉಳಿಯುವುದು ಬರಿ ಒಣ ಹಟ ಎಂದು ನನಗೆ ಅಲ್ಲಿ ಅನ್ನಿಸಿತು.

ನಮ್ಮ ಹಿಂದೆಯೇ ನಾಲ್ಕೈದು ಹುಡುಗರ ಗುಂಪು ಇಳಿದು ಬಂತು. ಫೋನಿನ ಬೆಳಕು, ಕೂಗು, ಕೂಗು ಮರಳಿ ಬಂದಾಗ ನಗು. ಗುಹೆಯಲ್ಲಿ ಕೂಗಬೇಕೆನಿಸುವುದು ಸಹಜ, ಅದಕ್ಕೆ ನಾನು ಬೇಸರ ಮಾಡಿಕೊಳ್ಳುವವನಲ್ಲ. ಆದರೆ ಅವರಲ್ಲೊಬ್ಬ ಬೈಕಿನ ಕೀ ತೆಗೆದು ಗಾರೆಯ ಮೇಲೆ ಕೆರೆಯತೊಡಗಿದ. ಟಾರ್ಚಿನವನು ಕೂಡಲೇ ಬೆಳಕು ಅವನ ಕೈಯ ಮೇಲೆ ಬಿಟ್ಟ. "ಬ್ಯಾಡ ತಮ್ಮಾ. ಇನ್ನೊಂದು ಸಲ ಬಳಿಯೋರು ಇಲ್ಲ ಅದನ್ನ," ಎಂದ. ಹುಡುಗ ಕೈ ತೆಗೆದ. ಬೆಳಕು ಅಲ್ಲೇ ಇದ್ದದ್ದರಿಂದ ಸುತ್ತಲ ಗೋಡೆಯೂ ಕಂಡಿತು. ಅವನಿಗಿಂತ ಮೊದಲು ಬಂದವರು ಬೇಕಾದಷ್ಟು ಜನ ಇದ್ದರು. ಹೆಸರು, ಹೆಸರಿನ ಪಕ್ಕ ಇನ್ನೊಂದು ಹೆಸರು, ಇಸವಿ, ಊರು. ಎದೆ ಚುರುಕ್ಕೆಂದಿತು. ಗಾರೆ ಮೆತ್ತಿದವನ ಬೆರಳಿಗೂ ಕೆರೆದವನ ಬೆರಳಿಗೂ ಸಿಕ್ಕಿದ್ದು ಒಂದೇ ಕತ್ತಲು. ಯಾರೂ ನೋಡುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ನುಣುಪು ಮಾಡಿದ, ಇವನು ಗೀರಿದ.

ಕನಕದಾಸರ ಬಾಳೆಹಣ್ಣಿನ ಕಥೆ ಕೇಳದ ಕನ್ನಡದ ಮಕ್ಕಳಿಲ್ಲ. ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿ ಎಂದು ಗುರು ವ್ಯಾಸರಾಯರು ಕೊಟ್ಟ ಹಣ್ಣನ್ನು ಉಳಿದ ಶಿಷ್ಯರೆಲ್ಲ ತಿಂದು ಬಂದರು, ಕನಕ ಹಾಗೇ ಮರಳಿ ತಂದರು. ದೇವರಿಲ್ಲದ ಜಾಗ ಸಿಗಲಿಲ್ಲ ಎಂದರು. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ಅದನ್ನು ದೇವರ ಕಣ್ಣಿನ ಕಥೆಯೆಂದೇ ತಿಳಿದಿದ್ದೆವು. ನಾವು ಮಾಡಿದ್ದನ್ನೆಲ್ಲ ಒಬ್ಬ ನೋಡುತ್ತಾನೆ, ಆದ್ದರಿಂದ ಹುಷಾರು ಎಂದು. ಅಂಕಲಿ ಮಠದ ಕತ್ತಲಲ್ಲಿ ನಿಂತಾಗ ಅದೇ ಕಥೆ ಇನ್ನೊಂದು ಕಡೆಯಿಂದ ತೆರೆದುಕೊಂಡಿತು. ಹೆದರಿ ಕೆಟ್ಟದ್ದನ್ನು ಬಿಡುವುದು ಅರ್ಧ ದಾರಿ ಮಾತ್ರ. ಯಾರೂ ಹೊಗಳದ ಕಡೆ ಒಳ್ಳೆಯ ಗಾರೆ ಮೆತ್ತುವವನಿಗೆ ಹೆದರಿಕೆ ಸಾಲದು. ಅವನಿಗೆ ಆ ಗೋಡೆಯ ಮೇಲೆ ಪ್ರೀತಿ ಇರಬೇಕು, ಆ ಗೋಡೆಗೆ ನಾಳೆ ಒರಗುವ ಬೆನ್ನಿನ ಮೇಲೆ ಪ್ರೀತಿ ಇರಬೇಕು. ಕಾವಲು ಹಾಕಿ ಕಳ್ಳತನ ತಡೆಯಬಹುದು. ಕಾವಲು ಹಾಕಿ ಯಾರಿಂದಲೂ ನುಣುಪು ಮಾಡಿಸಲಾಗದು.

ಹರಿಹರ ಕವಿ ಹೇಳುವ ಅಲ್ಲಮನ ಕಥೆಯಲ್ಲೂ ನೆಲದಡಿಯ ಗುಡಿಯೊಂದು ಬರುತ್ತದೆ. ಪ್ರಿಯೆ ಕಾಮಲತೆಯನ್ನು ಕಳೆದುಕೊಂಡು ದುಃಖದಲ್ಲಿ ತೋಟವೊಂದರಲ್ಲಿ ಕೂತ ಅಲ್ಲಮ ಕಾಲುಗುರಿನಿಂದ ನೆಲ ಕೆದರುತ್ತಾನೆ. ಚಿನ್ನದ ಕಳಸ ಕಾಣುತ್ತದೆ. ಅಗೆಸಿದರೆ ದೇಗುಲದ ಬಾಗಿಲು. ಒಳಗೆ ಅನಿಮಿಷಯ್ಯನೆಂಬ ಯೋಗಿ ಕಣ್ಣು ನೆಟ್ಟು ಕೂತಿದ್ದಾನೆ, ಅಂಗೈಯಲ್ಲಿ ಲಿಂಗ. ಅದು ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ. ಮುಂದೆ ಅಲ್ಲಮ ತನ್ನ ವಚನಗಳಿಗೆ ಗುಹೇಶ್ವರ ಎಂಬ ಅಂಕಿತ ಇಟ್ಟುಕೊಂಡ. ಅನಿಮಿಷ ಎಷ್ಟು ಕಾಲ ಹಾಗೆ ಕೂತಿದ್ದನೋ, ಮೇಲೆ ತೋಟದಲ್ಲಿ ಓಡಾಡುವವರಿಗೆ ಅವನ ಸುಳಿವೇ ಇರಲಿಲ್ಲ. ಕಂಡವರಿಲ್ಲವೆಂದು ಅವನ ಏಕಾಗ್ರತೆ ಸಡಿಲವಾಗಿದ್ದರೆ ಅಲ್ಲಮನ ಕೈಗೆ ಬರುವಂಥದ್ದು ಅಲ್ಲೇನೂ ಉಳಿದಿರುತ್ತಿರಲಿಲ್ಲ.

ನಮ್ಮ ಬೆಟ್ಟದ ಮೇಲೂ ಹೀಗೆಯೇ ಒಂದು ಕಥೆಯಿದೆ. ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಏರುವ ಬಾಬಾಬುಡನ್‌ಗಿರಿಯ ಗುಹೆಗೆ ಕಡೂರು, ತರೀಕೆರೆಯ ಎಷ್ಟೋ ಮನೆಗಳವರು ತಲೆಮಾರುಗಳಿಂದ ಹೋಗಿಬರುತ್ತಿದ್ದಾರೆ. ಅಲ್ಲಿದ್ದ ಸಂತ ಹದಿನೇಳನೆಯ ಶತಮಾನದಲ್ಲಿ ಅರಬರ ನಾಡಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಬಿತ್ತಿದನೆಂಬುದು ಪ್ರತೀತಿ. ಏಳು ಬೀಜದಿಂದ ಇಡೀ ಜಿಲ್ಲೆ ಹಸಿರಾಯಿತೇ ಎಂಬ ಲೆಕ್ಕ ಪಂಡಿತರದು. ನನಗೆ ಮುಖ್ಯವೆನಿಸುವುದು ಬೇರೆ. ಇಷ್ಟು ಜನರಿಗೆ ಅನ್ನ ಕೊಟ್ಟ ಗಿಡದ ಮೂಲ ಹೇಳಬೇಕಾದಾಗ ಈ ಸೀಮೆಯ ಜನ ಯಾವ ರಾಜನ ಮೆರವಣಿಗೆಯನ್ನೂ ನೆನೆಯಲಿಲ್ಲ. ಗುಹೆಯಲ್ಲಿದ್ದ ಒಬ್ಬ ಫಕೀರನ ಮುಚ್ಚಿದ ಮುಷ್ಟಿಯನ್ನು ನೆನೆದರು.

ಗುಹೆಯಿಂದ ಹೊರಬಂದು ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮುಂದೆ ನಿಂತೆವು. ಅಲ್ಲಿರುವುದು ಕದಂಬರ ಮಯೂರಶರ್ಮನ ಶಾಸನ, ನಾಲ್ಕನೆಯ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದನ್ನು ಓದಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ. ಇದೇ ಕಣಿವೆಯನ್ನು ಅವರೂ ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದು ನೋಡಿದರು. ಶಾತವಾಹನರ ನಾಣ್ಯ, ರೋಮಿನ ಚಕ್ರವರ್ತಿಗಳ ಬೆಳ್ಳಿ ನಾಣ್ಯ, ಬಣ್ಣದ ಮಡಕೆ ಚೂರುಗಳು ಸಿಕ್ಕವು. ಸಮುದ್ರ ದಾಟಿದ ವ್ಯಾಪಾರ ಈ ಬಂಡೆಗಳ ನಡುವಿನ ಊರಿಗೆ ಬಂದು ಹೋಗುತ್ತಿತ್ತು. ಅಂಥ ಊರಿನ ಬಂಡೆಯ ಮೇಲೆ ಹೊಸ ರಾಜ್ಯ ಕಟ್ಟಿದ ರಾಜ ಏನು ಬರೆಸಿದ? ತಾನು ಗೆದ್ದ ಪಲ್ಲವ, ಆಭೀರ, ಪುನ್ನಾಟ ಮುಂತಾದವರ ಹೆಸರು ಹೇಳಿಕೊಂಡಿದ್ದಾನೆ, ರಾಜನಾದವನು ಹೇಳಿಕೊಳ್ಳುತ್ತಾನೆ. ಆದರೆ ಶಾಸನ ಇರುವುದು ಕೆರೆಗಾಗಿ. ಕೆರೆ ಮಾಡಿಸಿದೆ ಎನ್ನುವುದು ಅದರ ತಿರುಳು.

"ಅವನೂ ಕಲ್ಲಿನ ಮೇಲೆ ಹೆಸರು ಬರೆದಿದಾನಲ್ಲ ತಾತ, ಆ ಅಣ್ಣನ ಥರ?" ಎಂದಳು ಹುಡುಗಿ. ಅವರಪ್ಪ ನಕ್ಕು, "ಮಾವ, ಇದಕ್ಕೆ ನೀವೇ ಉತ್ತರ ಹೇಳಿ," ಎಂದ. ನಾನು ಕೆರೆಯ ಕಡೆ ಕೈ ತೋರಿಸಿದೆ. ಕೆರೆ ಕಟ್ಟಿದವನು ಹೆಸರು ಬರೆಯಲಿ. ಹದಿನಾರು ನೂರು ವರ್ಷವಾದರೂ ಓದುತ್ತೇವೆ. ಕೆರೆ ಕಟ್ಟದೆ ಬರೆದ ಹೆಸರಿನಿಂದ ಗೋಡೆ ಹಾಳು, ಅಷ್ಟೇ. ಅವಳು ಬಿಡಲಿಲ್ಲ. "ಕೆರೆ ಕಟ್ಟಿದ್ದು ರಾಜ ಒಬ್ಬನೇನಾ?" ಅಲ್ಲ ಮಗಳೇ. ಮಣ್ಣು ಹೊತ್ತವರ ಹೆಸರು ಆ ಬಂಡೆಯ ಮೇಲಿಲ್ಲ. ಗುಹೆಗೆ ಗಾರೆ ಮೆತ್ತಿದವರ ಹೆಸರು ಗುಹೆಯಲ್ಲಿಲ್ಲ. ಅಜ್ಜಂಪುರದ ಸುರಂಗದಲ್ಲಿ ಹಾರೆ ಹಿಡಿದು ಮೊದಲು ಒಳಹೊಕ್ಕವನ ಹೆಸರು ನಮಗೂ ಗೊತ್ತಿಲ್ಲ, ಅದೇ ನೀರು ಹಾಯಿಸಿಕೊಂಡು ಈರುಳ್ಳಿ ಬೆಳೆಯಬೇಕಾದ ರೈತನಿಗೂ ಗೊತ್ತಿಲ್ಲ. ಇದು ನನಗೆ ಸಮಾಧಾನದ ಸಂಗತಿಯಾಗಿ ಎಂದೂ ಕಂಡಿಲ್ಲ. ಹೆಸರಿನ ಆಸೆ ಇಲ್ಲದೆ ದುಡಿಯುವುದು ದುಡಿದವನ ದೊಡ್ಡತನ. ಅವನ ಹೆಸರು ಕೇಳದೆ ಉಣ್ಣುವುದು ಉಂಡವನ ಸಣ್ಣತನ. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳ ದಿನದಿಂದ ಇದೆ.

ಬರೀ ಹೊಗಳಿಕೆ ಎಷ್ಟು ಅಗ್ಗ ಎನ್ನುವುದಕ್ಕೆ ಮೇಲ್ದಂಡೆ ಯೋಜನೆಯೇ ಸಾಕ್ಷಿ. 2,25,515 ಹೆಕ್ಟೇರಿಗೆ ನೀರು, 367 ಕೆರೆಗಳಿಗೆ ನೀರು ಎಂಬುದು ಅದರ ಸಂಕಲ್ಪ. ಕತ್ತಲಲ್ಲಿ, ಬಂಡೆಯ ಎದುರು, ಜೀವ ಕೈಯಲ್ಲಿ ಹಿಡಿದು ಮಾಡಬೇಕಾದ ಸುರಂಗ ಮುಗಿದು ನೀರು ಹರಿದೂ ಆಯಿತು. ಬೆಳಕಿನಲ್ಲಿ, ನೆಲದ ಮೇಲೆ, ಎಲ್ಲರ ಕಣ್ಣೆದುರು ಮಾಡಬೇಕಾದ ಕಾಲುವೆಗಳು, ಭೂಮಿ ಬಿಟ್ಟುಕೊಟ್ಟವರಿಗೆ ಸಲ್ಲಬೇಕಾದ ಪರಿಹಾರ, ಹಣದ ಹೊಂದಿಕೆ, ಇವೇ ವರ್ಷಗಟ್ಟಲೆ ಎಳೆದವು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ಮಾತು ಬಂದಾಗ ಚಿತ್ರದುರ್ಗದ ಜನ ಸಂಭ್ರಮಿಸಿದರು. ಆಮೇಲೆ ಆ ಹಣ ಕೇಳುತ್ತ ಬೀದಿಗೂ ಇಳಿದರು. ಬಂಡೆ ದಾರಿ ಬಿಟ್ಟಿತು. ಮನುಷ್ಯರ ನಡುವಿನ ಕಾಗದಪತ್ರ ಬಿಡಲಿಲ್ಲ. ತರೀಕೆರೆಯ ಕಡೆ ತನ್ನ ಜಮೀನಿನ ಮೇಲೆ ಕಾಲುವೆ ಹಾಯುವ ರೈತ ಪರಿಹಾರ ಕೇಳಿದರೆ ಅವನನ್ನು ನೀರಿಗೆ ಅಡ್ಡ ನಿಂತವನೆಂದು ಬಯ್ಯುವುದು ಸುಲಭ. ಅವನೂ ಯಾರಿಗೂ ಕಾಣದ ಕಡೆ ಏನೋ ಕಳೆದುಕೊಂಡವನೇ. ಅಜ್ಜ ನೆಟ್ಟ ಅಡಿಕೆ ಸಾಲಿಗೆ ಹೆಕ್ಟೇರಿನ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಸಂಕಟವಾಗುತ್ತದೆ.

ಮಾರಿಕಣಿವೆಯ ಅಣೆಕಟ್ಟು ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ತನಕ, 89 ವರ್ಷ ಕಾಯಬೇಕಾಯಿತು. ಆ ವರ್ಷದ ಮಳೆಯೇ ದೊಡ್ಡದು. ಅದರ ಜೊತೆ ಅಜ್ಜಂಪುರದ ನೆಲದಡಿಯಿಂದ ಬಂದ ಭದ್ರೆಯ ನೀರೂ ಸೇರಿತ್ತು. ಅಂದು ಅಲ್ಲಿ ನೆರೆದ ಜನರಲ್ಲಿ ಹಿಂದಿನ ಕೋಡಿ ಕಂಡವರು ಎಷ್ಟು ಮಂದಿ ಇದ್ದಾರು? 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ತಾನು ಕೊರೆದ ದಾರಿಯಲ್ಲಿ ಬಂದ ನೀರು ಯಾವ ಊರಿನ ಕೋಡಿಯಲ್ಲಿ ಧುಮುಕಿತು ಎಂದು ನೋಡಲು ಆ ಹಾರೆಯವನು ಬಂದಿದ್ದನೋ ಇಲ್ಲವೋ. ಅಷ್ಟರಲ್ಲಿ ಅವನು ಬೇರೆ ಯಾವುದೋ ರಾಜ್ಯದ ಬೇರೆ ಯಾವುದೋ ಬೆಟ್ಟದೊಳಗೆ ಇದ್ದಿರಬಹುದು. ಅಂಥ ಕೆಲಸಗಾರರ ಬದುಕೇ ಹಾಗೆ.

ಅಂಥವರಿಗೆ ಹೊರಗಿನಿಂದ ನಾವು ಕೊಡಬಹುದಾದದ್ದು ಬಹಳವಿಲ್ಲ. ಕೊಡಬಹುದಾದದ್ದನ್ನಾದರೂ ಕೊಡೋಣ. ನೀರಾವರಿ ಇಲಾಖೆಯವರು ಸುರಂಗದ ಬಾಯಲ್ಲಿ ಶಂಕುಸ್ಥಾಪನೆ ಮಾಡಿದವರ ಹೆಸರಿನ ಕಲ್ಲು ನಿಲ್ಲಿಸುವಾಗ, ಒಳಗೆ ದುಡಿದವರ ಹೆಸರಿಗೂ ಒಂದು ಕಲ್ಲು ನಿಲ್ಲಿಸಲಿ. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳು ಇದ್ದೇ ಇರುತ್ತವೆ. ಸಂರಕ್ಷಿತ ಸ್ಮಾರಕದ ಗೋಡೆ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಕಾನೂನು ಹೇಳುತ್ತದೆ, ಅದು ಇರಲಿ. ಚಂದ್ರವಳ್ಳಿಗೆ ಹೋಗುವ ತಂದೆತಾಯಿಯರೇ, ಮೇಷ್ಟ್ರುಗಳೇ, ಮಕ್ಕಳನ್ನು ಮೊದಲು ಕೆರೆಯ ಏರಿಯ ಮೇಲೆ ನಿಲ್ಲಿಸಿ ಮಯೂರಶರ್ಮನ ಶಾಸನದಲ್ಲಿ ಏನಿದೆ ಎಂದು ಹೇಳಿ. ಆಮೇಲೆ ಗುಹೆಗೆ ಇಳಿಸಿ. ಒಳಗೆ ಹೋದಾಗ ಅವರ ಕೈಯನ್ನು ಹಿಡಿದು ಆ ಗಾರೆಯ ಮೇಲೆ ಒಮ್ಮೆ ಮೆಲ್ಲಗೆ ಇಡಿಸಿ. ಸ್ನಾನದ ಕೋಣೆಯ ಮೋರಿಯನ್ನು ತಪ್ಪದೆ ತೋರಿಸಿ.